ಆಕಳಿಕೆಯ ವಿಚಾರ

೧

ಉತ್ತರಪಿನಾಕಿನಿಯು ನಂದಿಬೆಟ್ಟಗಳ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರಿನ ಬಯಲನ್ನು ದಾಟಿ, ಹಿಂದೂಪುರದ ಕಡೆಗೆ ಹರಿಯುತ್ತದೆ. ಈ ಹೊಳೆಯ ದಾರಿಯು ಎರಡು ಭಾಷೆಗಳ ದಾರಿಯೂ ಆಗಿರುವುದು. ೨೦೦೭ ರವರೆಗೆ ಕೋಲಾರ ಜಿಲ್ಲೆಗೂ ಅಲ್ಲಿಂದ ಮುಂದೆ ಚಿಕ್ಕಬಳ್ಳಾಪುರ ಜಿಲ್ಲೆಗೂ ಸೇರಿದ ಈ ಸೀಮೆಯಲ್ಲಿ ಓದುಬರಹವು ಕನ್ನಡದಲ್ಲಿ ನಡೆದರೆ, ಮನೆಮಾತು ಎಷ್ಟೋ ಕಡೆ ತೆಲುಗು. ಒಂದರಲ್ಲಿ ಆರಂಭವಾದ ಮಾತು ಇನ್ನೊಂದರಲ್ಲಿ ಮುಗಿಯುವುದು ಅಲ್ಲಿ ಯಾರಿಗೂ ಸೋಜಿಗವಲ್ಲ. ಇಂತಹ ಎಡೆಗಳಲ್ಲಿ ಗಾದೆಗಳಿಗೆ ಗಡಿಯೆಂಬುದಿಲ್ಲ. ತೆಲುಗಿನಲ್ಲಿ ಪ್ರಸಿದ್ಧವಾದ ಗಾದೆಯೊಂದರ ತಾತ್ಪರ್ಯವು ಹೀಗಿದೆ: ಆಕಳಿಕೆಗೆ ಅಣ್ಣನಿದ್ದಾನೆ, ಸೀನಿಗೆ ತಮ್ಮನಿಲ್ಲ. ಒಬ್ಬನು ಆಕಳಿಸಿದರೆ ಎದುರಿಗಿರುವವನಿಗೂ ಆಕಳಿಕೆ ಬರುವುದು. ಒಬ್ಬನು ಸೀನಿದನೆಂದು ಇನ್ನೊಬ್ಬನು ಸೀನುವುದಿಲ್ಲ ಎಂಬುದು ಅದರ ಅಭಿಪ್ರಾಯ.

ಮೇಲುನೋಟಕ್ಕೆ ಇದು ವಿನೋದದ ಮಾತು. ಆದರೆ ಇದರಲ್ಲಿ ಎರಡು ದೇಹಧರ್ಮಗಳನ್ನು ಅಕ್ಕಪಕ್ಕದಲ್ಲಿರಿಸಿ, ಅವುಗಳಲ್ಲಿ ಯಾವುದು ಒಬ್ಬರಿಂದೊಬ್ಬರಿಗೆ ಹರಡುವುದು, ಯಾವುದು ಹರಡದು ಎಂಬ ವಿವೇಚನೆಯಿದೆ. ಯುರೋಪು ಅಮೆರಿಕಗಳ ಪ್ರಯೋಗಶಾಲೆಗಳು ಇದೇ ಪ್ರಶ್ನೆಯನ್ನು ಅಳೆದು ನೋಡಲು ತೊಡಗಿದ್ದು ೧೯೮೦ ರ ದಶಕದಲ್ಲಿ. ಹಾಗಾದರೆ ಗಾದೆಯನ್ನು ಕಟ್ಟಿದವರಿಗೆ ಶಾಸ್ತ್ರವು ತಿಳಿದಿತ್ತೆಂದು ಹೇಳಬೇಕೆ? ಅಥವಾ ಆಕಳಿಕೆಯ ಸುತ್ತ ಬೆಳೆದಿರುವ ಚಿಟಿಕೆ, ದೃಷ್ಟಿ, ಪಿಶಾಚಾದಿ ನಂಬಿಕೆಗಳೊಡನೆ ಇದನ್ನೂ ಮೂಢಮತವೆಂದು ತಳ್ಳಬೇಕೆ? ಎರಡೂ ಸಾಧುವಲ್ಲ. ಆಕಳಿಕೆಯನ್ನು ಕುರಿತ ಹಿಂದಿನವರ ಮಾತುಗಳಲ್ಲಿ ಕಂಡದ್ದು ಬೇರೆ, ಕಂಡದ್ದಕ್ಕೆ ಕಲ್ಪಿಸಿದ ಕಾರಣವು ಬೇರೆ. ಕಂಡದ್ದು ಬಹುಮಟ್ಟಿಗೆ ಉಳಿದು ಬಂದಿದೆ. ಕಾರಣಗಳು ಒಂದರ ಮೇಲೊಂದು ಬಿದ್ದುಹೋಗಿವೆ. ಬಿದ್ದುಹೋದವುಗಳಲ್ಲಿ ವಿಜ್ಞಾನದ ಹೆಸರಿನವೂ ಉಂಟು. ಈ ವಿವೇಕವು ಹೇಗೆ ಸಾಧ್ಯವೆಂಬುದನ್ನು ಶಬ್ದ, ಪುರಾಣ, ವೈದ್ಯ, ಆಚಾರ, ಅಲಂಕಾರಶಾಸ್ತ್ರ, ವಿಜ್ಞಾನಗಳ ಕ್ರಮದಲ್ಲಿ ಪರಿಶೀಲಿಸಬಹುದು.

೨

ಮೊದಲು ಶಬ್ದಗಳು. ಕನ್ನಡದಲ್ಲಿ ಆಕಳಿಕೆ, ಆಕಳಿಸು ಎಂಬುವು ಇಂದು ಬಳಕೆಯಲ್ಲಿರುವ ರೂಪಗಳು. ಆಗುಳಿ, ಆಗುಳಿಸು ಎಂಬ ಹಳೆಯ ರೂಪಗಳೂ ಉಂಟು. ತೆಲುಗಿನಲ್ಲಿ ಆವುಲಿಂತ ಅಥವಾ ಆವಲಿಂತ, ತಮಿಳಿನಲ್ಲಿ ಕೊಟ್ಟಾವಿ. ಈ ಕೊನೆಯ ಶಬ್ದದಲ್ಲಿ ಕಾಣುವ ಆವಿ ಎಂಬುದಕ್ಕೆ ತಮಿಳಿನಲ್ಲಿ ಆಕಳಿಕೆಯೆಂಬ ಅರ್ಥವಿರುವಂತೆಯೇ ಉಸಿರು, ಹಬೆ, ಪ್ರಾಣ ಎಂಬ ಅರ್ಥಗಳೂ ಇವೆ. ಕನ್ನಡದ ಆವಿಯೂ ಹಬೆಯೇ. ಆಕಳಿಸಿದಾಗ ಬಾಯಿಂದ ಹೊರಬೀಳುವ ದೊಡ್ಡ ಉಸಿರಿಗೂ ಪ್ರಾಣಕ್ಕೂ ಒಂದೇ ಧ್ವನಿಯ ಶಬ್ದವು ದೊರೆತಿರುವಾಗ, ಆಕಳಿಸಿದರೆ ಪ್ರಾಣವು ಜಾರೀತೆಂಬ ಅಂಜಿಕೆಗೆ ಮಾತಿನ ಬೆಂಬಲವೂ ಸಿಕ್ಕಿದಂತಾಗುವುದು.

ಸಂಸ್ಕೃತದ ಜೃಂಭಾ, ಜೃಂಭಣ, ಜೃಂಭಿಕಾ ಎಂಬ ಶಬ್ದಗಳ ಚರಿತ್ರೆಯು ಇನ್ನೂ ಸ್ವಾರಸ್ಯವಾದುದು. ಅದರ ಧಾತುವಿಗೆ ಬಾಯ್ದೆರೆಯುವುದು, ಬಿರಿಯುವುದು, ಹರಡಿಕೊಳ್ಳುವುದು ಎಂಬ ಅರ್ಥಗಳಿರುವುದರಿಂದ ಹೂವು ಅರಳುವುದೂ ಜೃಂಭಣವೇ. ಅದರಿಂದಲೇ ವಿಜೃಂಭಣವು ವಿಸ್ತಾರ, ವೈಭವ ಎಂಬ ಅರ್ಥವನ್ನು ತಾಳಿತು. ರಥೋತ್ಸವವು ವಿಜೃಂಭಣೆಯಿಂದ ನಡೆಯಿತೆಂದು ಕನ್ನಡದಲ್ಲಿ ಬರೆಯುವವರಿಗೆ ಅದರೊಳಗೆ ಒಂದು ಆಕಳಿಕೆಯು ಅಡಗಿದೆಯೆಂಬ ನೆನಪು ಬರುವುದಿಲ್ಲ. ಆಲಸ್ಯದ ಗುರುತಾದ ಶಬ್ದವೇ ಉತ್ಸಾಹದ ಪರಾಕಾಷ್ಠೆಗೆ ಹೆಸರಾದುದು ಅರ್ಥಪರಿವರ್ತನೆಗೆ ಒಳ್ಳೆಯ ನಿದರ್ಶನ.

ಗಾದೆಯ ಶಬ್ದಗಳನ್ನೂ ಇಲ್ಲಿಯೇ ನೋಡಬೇಕು. ತೆಲುಗಿನಲ್ಲಿ ಆವುಲಿಂತಕ್ಕೆ ಅನ್ನ, ತುಮ್ಮಿಗೆ ತಮ್ಮುಡು ಜೊತೆಯಾಗಿ ಬಂದಿದ್ದಾರೆ. ಅನ್ನನೆಂದರೆ ಅಣ್ಣ, ತುಮ್ಮು ಎಂದರೆ ಸೀನು. ಅಕಾರಕ್ಕೆ ಅಕಾರವೂ ತಕಾರ ಮಕಾರಗಳಿಗೆ ತಕಾರ ಮಕಾರಗಳೂ ಸೇರಿ ಗಾದೆಯು ನಾಲಗೆಯ ಮೇಲೆ ನಿಲ್ಲುತ್ತದೆ. ಕನ್ನಡಕ್ಕೆ ತಂದರೆ ಆಕಳಿಕೆ ಮತ್ತು ಅಣ್ಣ ಎಂಬ ಮೊದಲ ಜೊತೆ ಉಳಿದರೂ ಸೀನು ಮತ್ತು ತಮ್ಮ ಎಂಬಲ್ಲಿ ಧ್ವನಿಯ ಬಂಧವು ಸಡಿಲುವುದು. ಅಣ್ಣನೂ ತಮ್ಮನೂ ಇಲ್ಲಿಗೆ ಬಂದುದು ಮುಖ್ಯವಾಗಿ ಅಕ್ಷರಮೈತ್ರಿಯಿಂದ ಎಂಬ ಈ ಅಂಶವನ್ನು ನೆನಪಿನಲ್ಲಿಡುವುದು ಅಗತ್ಯ. ಮುಂದೆ ಇದರ ಪ್ರಯೋಜನವು ಕಂಡುಬರುವುದು.

೩

ಪುರಾಣೇತಿಹಾಸಗಳಲ್ಲಿ ಆಕಳಿಕೆಗೆ ಮೂರು ಮುಖ್ಯವಾದ ಪ್ರಸಂಗಗಳಿವೆ. ಮೊದಲನೆಯದು ಅದರ ಉತ್ಪತ್ತಿಯ ಕಥೆ. ಮಹಾಭಾರತದ ಉದ್ಯೋಗಪರ್ವದ ಆದಿಯಲ್ಲಿ ಶಲ್ಯನು ಯುಧಿಷ್ಠಿರನಿಗೆ ವೃತ್ರವಧೆಯನ್ನು ಹೇಳುತ್ತಾನೆ. ತ್ವಷ್ಟೃವು ತನ್ನ ಮಗನನ್ನು ಕೊಂದ ಇಂದ್ರನ ಮೇಲಣ ಕೋಪದಿಂದ ವೃತ್ರನನ್ನು ಸೃಷ್ಟಿಸಿದನು. ಯುದ್ಧದಲ್ಲಿ ವೃತ್ರನು ಇಂದ್ರನನ್ನು ನುಂಗಿಬಿಟ್ಟನು. ಆಗ ದೇವತೆಗಳು ಜೃಂಭಿಕೆಯನ್ನು ಸೃಷ್ಟಿಸಿದರು. ವೃತ್ರನು ಆಕಳಿಸಿದನು; ತೆರೆದ ಬಾಯಿಂದ ಇಂದ್ರನು ಮೈಯನ್ನು ಕುಗ್ಗಿಸಿಕೊಂಡು ಹೊರಬಂದನು. ಅಂದಿನಿಂದ ಆಕಳಿಕೆಯು ಲೋಕದ ಪ್ರಾಣಿಗಳನ್ನು ಆಶ್ರಯಿಸಿತೆಂದು ಕಥೆಯು ಮುಗಿಯುತ್ತದೆ. ಇದೇ ಉದ್ಯೋಗಪರ್ವದಲ್ಲಿ ನಿದ್ರೆಬಾರದ ಧೃತರಾಷ್ಟ್ರನಿಗೆ ವಿದುರನು ರಾತ್ರಿಯೆಲ್ಲ ನೀತಿಯನ್ನು ಬೋಧಿಸುವ ಪ್ರಜಾಗರವೂ ಇದೆ. ಆ ವಿದುರನು ನೆಟ್ಟ ಅಶ್ವತ್ಥವೆಂಬ ಐತಿಹ್ಯದಿಂದ ಹೆಸರಾದ ವಿದುರಾಶ್ವತ್ಥವು ಗೌರಿಬಿದನೂರು ತಾಲ್ಲೂಕಿನಲ್ಲಿಯೇ ಇರುವುದು. ಆಕಳಿಕೆಯ ಹುಟ್ಟನ್ನೂ ನಿದ್ರಾಹೀನನ ಸಂಕಟವನ್ನೂ ಒಂದೇ ಪರ್ವವು ಹೇಳಿರುವುದು ಗಮನಾರ್ಹವಾಗಿದೆ.

ಎರಡನೆಯದು ಬಾಣಾಸುರನ ಯುದ್ಧ. ಭಾಗವತದ ದಶಮಸ್ಕಂಧದಲ್ಲಿ ಬಾಣನ ಪಕ್ಷವನ್ನು ವಹಿಸಿ ಬಂದ ಶಿವನ ಮೇಲೆ ಕೃಷ್ಣನು ಜೃಂಭಣಾಸ್ತ್ರವನ್ನು ಪ್ರಯೋಗಿಸಲು, ಶಿವನು ಆಕಳಿಸುತ್ತ ಮೈಮರೆತು ನಿಲ್ಲುತ್ತಾನೆ. ಅಷ್ಟರಲ್ಲಿ ಬಾಣನ ಸೈನ್ಯವು ನಾಶವಾಗುತ್ತದೆ. ಬಾಣವಂಶದ ಅರಸರು ತಮ್ಮನ್ನು ಮಹಾಬಲಿಯ ಕುಲದವರೆಂದು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಬಾಣಾಸುರನು ಆ ಬಲಿಯ ಮಗ. ಚಿಕ್ಕಬಳ್ಳಾಪುರಕ್ಕೆ ಸಮೀಪದ ನಂದಿಯ ಭೋಗನಂದೀಶ್ವರ ದೇವಾಲಯಕ್ಕೆ ಸಂಬಂಧಿಸಿದ ಪ್ರಾಚೀನ ದಾಖಲೆಗಳಲ್ಲಿ ಒಂಬತ್ತನೆಯ ಶತಮಾನದ ಆರಂಭದ ಬಾಣರ ತಾಮ್ರಶಾಸನವೂ ಒಂದು. ತಮ್ಮ ಮೂಲಪುರುಷನಿಗಾಗಿ ಹೋರಾಡಿ ಆಕಳಿಕೆಯಿಂದ ಸೋತ ದೇವನ ಗುಡಿಯನ್ನೇ ಆ ವಂಶದವರು ಪೋಷಿಸಿದರೆಂಬುದು ಈ ಸೀಮೆಗೆ ವಿಶೇಷವಾದ ಸಂಗತಿ. ಇದೇ ಅಸ್ತ್ರಕುಲದ ಜೃಂಭಕಾಸ್ತ್ರಗಳು ಭವಭೂತಿಯ ಉತ್ತರರಾಮಚರಿತದಲ್ಲಿ ಲವನ ಕೈಗೆ ಬಂದು ಚಂದ್ರಕೇತುವಿನ ಸೇನೆಯನ್ನು ಸ್ತಬ್ಧಗೊಳಿಸುವುದನ್ನು ನಾಟಕವನ್ನು ಬಲ್ಲವರು ಬಲ್ಲರು. ಅಲ್ಲಿ ಆ ಅಸ್ತ್ರವೇ ಲವನ ಕುಲವನ್ನು ತಿಳಿಸುವ ಗುರುತೂ ಆಗಿದೆ.

ಮೂರನೆಯದು ಗೋಕುಲದ ಪ್ರಸಂಗ. ಮಣ್ಣು ತಿಂದ ಬಾಯಲ್ಲಿ ಯಶೋದೆಯು ಬ್ರಹ್ಮಾಂಡವನ್ನು ಕಂಡ ಕಥೆಯು ಎಲ್ಲರಿಗೂ ತಿಳಿದದ್ದು. ಅದಕ್ಕೆ ಮುಂಚಿನ ಅಧ್ಯಾಯದಲ್ಲಿಯೇ, ಮೊಲೆಯುಂಡು ತಣಿದ ಶಿಶುವು ಆಕಳಿಸಿದಾಗ ಅದರ ಬಾಯೊಳಗೆ ಆಕಾಶ, ಸೂರ್ಯಚಂದ್ರರು, ಸಮುದ್ರ, ದ್ವೀಪ, ಪರ್ವತ, ನದಿಗಳನ್ನು ತಾಯಿಯು ಕಂಡಳೆಂದು ಭಾಗವತವು ಹೇಳುತ್ತದೆ. ಮಣ್ಣಿನ ಕಥೆಯಲ್ಲಿ ಬಾಯಿ ತೆರೆದದ್ದು ತಾಯಿಯ ಅಪ್ಪಣೆಯಿಂದ. ಇಲ್ಲಿ ತೆರೆದದ್ದು ತಾನಾಗಿ.

ಈ ಮೂರು ಕಥೆಗಳ ಉದ್ದೇಶಗಳು ಬೇರೆಬೇರೆ. ಆದರೂ ಮೂರರಲ್ಲಿಯೂ ಒಂದು ಸಮಾನಾಂಶವಿದೆ. ಆಕಳಿಸುವವನು ತನ್ನ ಇಚ್ಛೆಯಿಂದ ಆಕಳಿಸುವುದಿಲ್ಲ. ವೃತ್ರನ ಬಲವಾಗಲಿ ಶಿವನ ಈಶ್ವರತ್ವವಾಗಲಿ ಅದನ್ನು ತಡೆಯಲಾರದು. ಆಕಳಿಕೆಯು ಅಸ್ತ್ರವಾಗಬಲ್ಲದು ಏಕೆಂದರೆ ಅದು ವಶಕ್ಕೆ ಮೀರಿದ್ದು. ಪುರಾಣಕಾರರು ಕಂಡ ಸತ್ಯವು ಇಷ್ಟು, ಉಳಿದದ್ದು ಕಥೆ.

೪

ವೈದ್ಯಶಾಸ್ತ್ರವು ಇದೇ ಅವಶತ್ವವನ್ನು ಇನ್ನೊಂದು ಭಾಷೆಯಲ್ಲಿ ಹೇಳಿತು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ತಡೆಯಬಾರದ ವೇಗಗಳು ಹದಿಮೂರೆಂದು ಎಣಿಸಿದೆ. ಮೂತ್ರ, ಮಲ, ಸೀನು, ತೇಗು, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ ಮೊದಲಾದವುಗಳ ನಡುವೆ ಜೃಂಭೆಯೂ ಒಂದು. ಇದನ್ನು ತಡೆದರೆ ಮೈ ಬಾಗುವುದು, ಸೆಳೆತ, ಜೋಮು, ನಡುಕ ಮೊದಲಾದುವು ಉಂಟಾಗುವುವೆಂದೂ ಅವಕ್ಕೆ ವಾತಹರ ಚಿಕಿತ್ಸೆಯೇ ತಕ್ಕುದೆಂದೂ ಅಲ್ಲಿ ಹೇಳಿದೆ. ಮುಂದಿನ ಎಂಟನೆಯ ಅಧ್ಯಾಯದಲ್ಲಿ ಸದ್ವೃತ್ತವನ್ನು ಹೇಳುವಾಗ ಬಾಯನ್ನು ಮುಚ್ಚಿಕೊಳ್ಳದೆ ಆಕಳಿಸಬಾರದು, ಸೀನಬಾರದು, ನಗಬಾರದು ಎಂಬ ನಿಯಮವಿದೆ. ತಡೆಯಬೇಡ, ಮರೆಮಾಡು ಎಂಬ ಈ ಎರಡು ವಿಧಿಗಳಲ್ಲಿ ವಿರೋಧವಿಲ್ಲ. ಒಂದು ದೇಹಕ್ಕೆ, ಇನ್ನೊಂದು ಸಭೆಗೆ. ಎರಡನೆಯದರಲ್ಲಿ ಪಿಶಾಚದ ಪ್ರಸ್ತಾಪವಿಲ್ಲ.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಜೃಂಭೆಗೆ ಲಕ್ಷಣವನ್ನು ಕೊಟ್ಟಿದೆ. ಬಾಯ್ದೆರೆದು ಒಂದು ಉಸಿರನ್ನು ಒಳಕ್ಕೆ ಕುಡಿದು, ಮೈಮುರಿಯುತ್ತ, ಕಣ್ಣೀರಿನೊಡನೆ ಅದನ್ನು ಹೊರಕ್ಕೆ ಬಿಡುವುದೇ ಜೃಂಭೆ ಎಂಬುದು ಅದರ ತಾತ್ಪರ್ಯ. ದೀರ್ಘವಾದ ಒಳಉಸಿರು, ಅಂಗಗಳ ಚಾಚಾಟ, ಕಣ್ಣಿನಲ್ಲಿ ನೀರು ಎಂಬ ಮೂರನ್ನೂ ಒಟ್ಟಿಗೆ ಹಿಡಿದ ಈ ವರ್ಣನೆಯಲ್ಲಿ ಇಂದಿನ ಶಾರೀರಶಾಸ್ತ್ರಜ್ಞನು ತಿದ್ದಬೇಕಾದುದು ಅಲ್ಪವೇ. ಕಾರಣವನ್ನು ಹೇಳುವಲ್ಲಿ ಮಾತ್ರ ಶಾಸ್ತ್ರಗಳು ವಾಯುವಿನ ಕಡೆಗೆ ತಿರುಗಿದವು. ಯೋಗಗ್ರಂಥಗಳ ಉಪಪ್ರಾಣಗಳಲ್ಲಿ ನಾಗವು ತೇಗಿಗೂ ಕೂರ್ಮವು ರೆಪ್ಪೆಯ ಮಿಟುಕಿಗೂ ಕಾರಣವಾದಂತೆ, ದೇವದತ್ತವೆಂಬ ವಾಯುವು ಆಕಳಿಕೆಗೆ ಕಾರಣವೆನಿಸಿತು.

ಜ್ವರದ ಪೂರ್ವರೂಪಗಳಲ್ಲಿ, ಅದರಲ್ಲಿಯೂ ವಾತಜ್ವರದಲ್ಲಿ, ಅತಿಯಾದ ಆಕಳಿಕೆಯನ್ನು ವೈದ್ಯರು ಹೇಳಿದ್ದಾರೆ. ಇದಕ್ಕೆ ಗ್ರೀಸಿನಲ್ಲಿ ಸಮಾನವಾದ ಮಾತಿರುವುದು ಕುತೂಹಲಕರ. ಹಿಪೊಕ್ರಟೀಸನ ಹೆಸರಿನಲ್ಲಿರುವ ವಾಯುವಿಷಯಕ ಗ್ರಂಥದಲ್ಲಿ, ಜ್ವರಕ್ಕೆ ಮುಂಚೆ ಆಕಳಿಕೆ ಬರುವುದು ದೇಹದಲ್ಲಿ ಸೇರಿದ ಗಾಳಿಯು ಕುದಿಯುವ ಹಂಡೆಯ ಹಬೆಯಂತೆ ಮೇಲೆದ್ದು ಹೊರಡುವುದರಿಂದ ಎಂದು ಹೇಳಿದೆ. ಎರಡು ದೇಶಗಳ ವೈದ್ಯರು ರೋಗಿಯ ಹಾಸಿಗೆಯ ಬಳಿಯಲ್ಲಿ ಕುಳಿತು ಒಂದೇ ಲಕ್ಷಣವನ್ನು ಕಂಡರು. ಇಬ್ಬರೂ ಗಾಳಿಯನ್ನೇ ಕಾರಣವೆಂದರು. ಇಂದಿನ ವೈದ್ಯರು ಅರೆತಲೆಶೂಲೆಗೂ ಮೂರ್ಛೆಗೂ ಮುಂಚೆ ಪದೇಪದೇ ಆಕಳಿಕೆ ಬರುವುದನ್ನು ಗುರುತಿಸಿದ್ದಾರೆ. ಗಾಳಿಯ ಕಾರಣವನ್ನು ಕೈಬಿಟ್ಟಿದ್ದಾರೆ.

೫

ಆಚಾರಗಳಲ್ಲಿ ಮುಖ್ಯವಾದುದು ಚಿಟಿಕೆ. ಆಕಳಿಸುವಾಗ ಬಾಯ ಮುಂದೆ ಚಿಟಿಕೆ ಹೊಡೆಯುವುದು, ಕೂಸು ಆಕಳಿಸಿದರೆ ತಾಯಿಯೋ ಅಜ್ಜಿಯೋ ಅದರ ಬಾಯ ಹತ್ತಿರ ಚಿಟಿಕೆ ಹಾಕುವುದು, ಶಿವ ಶಿವ ಎಂದೋ ರಾಮ ರಾಮ ಎಂದೋ ನುಡಿಯುವುದು ಕನ್ನಡನಾಡಿನಲ್ಲಿ ಸಾಮಾನ್ಯವಾದ ವಾಡಿಕೆ. ಮೈಸೂರು ಸೀಮೆಯಲ್ಲಿ ಬಹುಕಾಲವಿದ್ದ ಫ್ರೆಂಚ್ ಪಾದ್ರಿ ಅಬೆ ದುಬೊಯಿಯು, ೧೮೧೬ ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಬ್ರಾಹ್ಮಣರು ಆಕಳಿಸುವಾಗ ಭೂತರಾಕ್ಷಸರನ್ನು ಓಡಿಸುವುದಕ್ಕಾಗಿ ಬಲಕ್ಕೂ ಎಡಕ್ಕೂ ಚಿಟಿಕೆ ಹೊಡೆಯುವರೆಂದು ಬರೆದಿದ್ದಾನೆ. ತಂತ್ರಾಗಮಗಳ ಪೂಜಾವಿಧಿಯಲ್ಲಿ ವಿಘ್ನಗಳನ್ನು ದೂರಮಾಡಲು ದಿಕ್ಕುಗಳಿಗೆ ಚಿಟಿಕೆ ಹಾಕಿ ದಿಗ್ಬಂಧನ ಮಾಡುವ ಕ್ರಮವುಂಟು. ಅದಕ್ಕೆ ಛೋಟಿಕಾ ಎಂದು ಹೆಸರು. ದುಬೊಯಿಯು ಕಂಡ ಬಲ ಎಡಗಳ ಚಿಟಿಕೆಯು ಈ ವಿಧಿಯನ್ನು ಹೋಲುತ್ತದೆ. ಮನೆಯ ವಾಡಿಕೆಯೂ ಪೂಜೆಯ ವಿಧಿಯೂ ಒಂದನ್ನೊಂದು ಬೆಂಬಲಿಸಿಕೊಂಡು ಬಾಳಿವೆ.

೧೮೭೧ ರಲ್ಲಿ ಟೈಲರನು ಆದಿಮ ಸಂಸ್ಕೃತಿಯನ್ನು ಕುರಿತ ತನ್ನ ಗ್ರಂಥದಲ್ಲಿ ಹಿಂದೂಗಳ ಚಿಟಿಕೆಯನ್ನು ಪ್ರಸ್ತಾಪಿಸಿದನು. ೧೮೯೬ ರಲ್ಲಿ ವಿಲಿಯಂ ಕ್ರೂಕನು ಉತ್ತರಭಾರತದ ಜನರಲ್ಲಿ ಇದಕ್ಕೆ ಎರಡು ಕಾರಣಗಳನ್ನು ಕಂಡನು: ತೆರೆದ ಬಾಯಿಂದ ಭೂತವು ಒಳಹೊಕ್ಕೀತು ಎಂಬುದೊಂದು, ಪ್ರಾಣದ ಅಂಶವು ಹೊರಬಿದ್ದೀತು ಎಂಬುದಿನ್ನೊಂದು. ಯುರೋಪಿನ ಕ್ರೈಸ್ತರು ಆಕಳಿಸುವ ಬಾಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಇಸ್ಲಾಮಿನ ಹದೀಸಿನಲ್ಲಿ ಸೀನು ದೇವರಿಗೆ ಪ್ರಿಯವೆಂದೂ ಆಕಳಿಕೆಯು ಸೈತಾನನಿಂದ ಬರುವುದೆಂದೂ ಆದ್ದರಿಂದ ಅದನ್ನು ಸಾಧ್ಯವಾದಷ್ಟು ತಡೆಯಬೇಕೆಂದೂ ಹೇಳಿದೆ. ಚರಕನ ವಿಧಿಗೆ ಇದು ವಿರುದ್ಧವಾದರೂ ಬಾಯಿ ಮುಚ್ಚುವ ಮಟ್ಟಿಗೆ ಎರಡೂ ಒಂದಾಗುತ್ತವೆ. ಕಾರಣಗಳು ಮತಕ್ಕೊಂದರಂತೆ ಬೇರೆಯಾದರೂ ಕೈಯ ಚಲನೆಯು ಎಲ್ಲೆಡೆಯೂ ಬಾಯ ಕಡೆಗೇ ಹೋಗುವುದು. ಆಚಾರವು ನಂಬಿಕೆಗಿಂತ ಗಟ್ಟಿ. ನಂಬಿಕೆಯು ಬದಲಾದರೂ ಆಚಾರವು ಹೊಸ ಕಾರಣವನ್ನು ಹುಡುಕಿಕೊಂಡು ಉಳಿಯುವುದು.

ಇನ್ನೊಂದು ನಂಬಿಕೆಯು ದೃಷ್ಟಿಗೆ ಸಂಬಂಧಿಸಿದ್ದು. ಮಗುವು ಮಂಕಾಗಿ ಪದೇಪದೇ ಆಕಳಿಸಿದರೆ ದೃಷ್ಟಿ ತಾಗಿದೆಯೆಂದು ಉಪ್ಪು ಮೆಣಸಿನಕಾಯಿಗಳನ್ನು ನಿವಾಳಿಸುತ್ತಾರೆ. ನಿವಾಳಿಸುವವಳಿಗೂ ಆಕಳಿಕೆ ಬಂದರೆ ದೃಷ್ಟಿಯು ನಿಜವಾಗಿಯೂ ಆಗಿತ್ತು, ಈಗ ಇಳಿಯಿತು ಎಂಬ ನಿರ್ಣಯ. ಗ್ರೀಸ್ ದೇಶದಲ್ಲಿಯೂ ದೃಷ್ಟಿಯನ್ನು ತೆಗೆಯುವ ಮುದುಕಿಯರು ಆಕಳಿಕೆಯನ್ನೇ ಸಾಕ್ಷಿಯಾಗಿ ಹಿಡಿಯುವುದುಂಟು. ಇಲ್ಲಿ ಕಂಡದ್ದೇನು? ಮಗುವಿನ ಆಕಳಿಕೆಯು ಅದರ ಎದುರಿಗೆ ಕುಳಿತು ಅದರ ಮುಖವನ್ನೇ ನೋಡುತ್ತಿರುವವಳಿಗೆ ಹತ್ತಿತೆಂಬುದು. ಗಾದೆಯು ಅಣ್ಣನೆಂದು ಕರೆದ ಸಂಗತಿಯನ್ನೇ ದೃಷ್ಟಿಯ ಆಚಾರವು ಪ್ರಮಾಣವೆಂದು ಕರೆಯಿತು. ಸಂಗತಿ ಒಂದೇ; ಗಾದೆಯು ಅದನ್ನು ಹೇಳಿ ಸುಮ್ಮನಾಯಿತು, ಆಚಾರವು ಅದರಿಂದ ಇಲ್ಲದ ಕಾರಣವನ್ನು ಅನುಮಾನಿಸಿತು.

೬

ಅಲಂಕಾರಶಾಸ್ತ್ರದಲ್ಲಿ ಆಕಳಿಕೆಯ ಸ್ಥಾನವು ಸಾಹಿತ್ಯದ ಅಧ್ಯಾಪಕರಿಗೆ ವಿಶೇಷವಾಗಿ ವಿಚಾರಾರ್ಹ. ಭರತನು ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ ನಿದ್ರಾ, ವಿಬೋಧ ಎಂಬ ವ್ಯಭಿಚಾರಿಭಾವಗಳ ಅನುಭಾವಗಳಲ್ಲಿ ಜೃಂಭಣವನ್ನು ಸೇರಿಸಿದನು. ಮಲಗುವಾಗಲೂ ಏಳುವಾಗಲೂ ಆಕಳಿಕೆಯುಂಟೆಂಬ ಈ ಅವಲೋಕನವು ಸರಿಯಾದುದು; ನಿದ್ರೆಯ ಎರಡು ಅಂಚುಗಳಲ್ಲಿಯೂ ಆಕಳಿಕೆಯು ಹೆಚ್ಚೆಂದು ವಿಜ್ಞಾನವೂ ಹೇಳುತ್ತದೆ. ಆದರೆ ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯಗಳೆಂಬ ಎಂಟು ಸಾತ್ತ್ವಿಕಭಾವಗಳಲ್ಲಿ ಭರತನು ಅದಕ್ಕೆ ಎಡೆಗೊಡಲಿಲ್ಲ. ಮಿಥಿಲೆಯ ಭಾನುದತ್ತನು ಸುಮಾರು ೧೫೦೦ ರ ವೇಳೆಗೆ ರಸತರಂಗಿಣಿಯಲ್ಲಿ ಜೃಂಭೆಯನ್ನು ಒಂಬತ್ತನೆಯ ಸಾತ್ತ್ವಿಕವಾಗಿ ಸೇರಿಸಬೇಕೆಂದು ಸೂಚಿಸಿದನು.

ಈ ಸೂಚನೆಯನ್ನು ಕೇವಲ ಸಂಖ್ಯೆಯನ್ನು ಬೆಳೆಸುವ ಚಪಲವೆಂದು ಬಿಡಲಾಗದು. ಬೆವರೂ ಕಣ್ಣೀರೂ ನಟನ ಇಚ್ಛೆಗೆ ಸುಲಭವಾಗಿ ಒಳಪಡದ ವಿಕಾರಗಳು. ಆದ್ದರಿಂದಲೇ ಅವು ಬರಿಯ ಆಂಗಿಕವಲ್ಲ, ಸಾತ್ತ್ವಿಕ. ಆಕಳಿಕೆಯೂ ಬಯಸಿದ ಮಾತ್ರಕ್ಕೆ ಬರುವುದಲ್ಲ, ಬಂದರೆ ಅರ್ಧದಲ್ಲಿ ನಿಲ್ಲುವುದೂ ಅಲ್ಲ. ಈ ದೃಷ್ಟಿಯಿಂದ ಭಾನುದತ್ತನ ಸೂಚನೆಯು ಯುಕ್ತವೇ. ಆದರೆ ಒಂದು ಭೇದವಿದೆ. ರಂಗದ ಮೇಲಿನ ಅಶ್ರುವು ಸಹೃದಯನಿಗೆ ತಲುಪುವುದು ಶೋಕದ ಮೂಲಕ. ಆಕಳಿಕೆಯು ಭಾವದ ದಾರಿಯನ್ನು ಕಾಯದೆ ನೇರವಾಗಿ ಪ್ರೇಕ್ಷಕನ ದವಡೆಗೆ ಹಾಯುವುದು. ನಟನು ನಿದ್ರಾಭಾವವನ್ನು ಚೆನ್ನಾಗಿ ಅಭಿನಯಿಸಿದಷ್ಟೂ ಸಭೆಯು ಆಕಳಿಸುವುದು, ಅದು ರಸಾನುಭವವಲ್ಲ. ಒಬ್ಬರ ದೇಹದಿಂದ ಇನ್ನೊಬ್ಬರ ದೇಹಕ್ಕೆ ವಿಕಾರವು ಹರಿಯುವುದೇ ರಸವಲ್ಲವೆಂಬುದಕ್ಕೆ ಆಕಳಿಕೆಗಿಂತ ಸುಲಭವಾದ 
ನಿದರ್ಶನವು ಬೋಧಕನಿಗೆ ದೊರೆಯಲಾರದು.

೭

ಇನ್ನು ವಿಜ್ಞಾನದ ಮಾತು. ರಕ್ತದಲ್ಲಿ ಆಮ್ಲಜನಕವು ಕಡಿಮೆಯಾಗಿ ಇಂಗಾಲಾಮ್ಲವು ಹೆಚ್ಚಿದಾಗ ಅದನ್ನು ಸರಿಪಡಿಸಲು ಆಕಳಿಕೆ ಬರುವುದೆಂಬ ವಿವರಣೆಯು ಬಹುಕಾಲ ಪ್ರಚಾರದಲ್ಲಿತ್ತು. ಶಾಲೆಗಳಲ್ಲಿಯೂ ಇದನ್ನೇ ಕಲಿಸುತ್ತಿದ್ದರು. ಅಮೆರಿಕದ ರಾಬರ್ಟ್ ಪ್ರೊವೈನನು ಸಂಗಡಿಗರೊಡನೆ ೧೯೮೭ ರಲ್ಲಿ ಇದನ್ನು ಪರೀಕ್ಷಿಸಿದನು. ವಿದ್ಯಾರ್ಥಿಗಳಿಗೆ ಶುದ್ಧವಾದ ಆಮ್ಲಜನಕವನ್ನೂ, ಬೇರೆಯಾಗಿ ಶೇಕಡ ೩ ರಿಂದ ೫ ರಷ್ಟು ಇಂಗಾಲಾಮ್ಲವನ್ನು ಬೆರಸಿದ ಗಾಳಿಯನ್ನೂ ಉಸಿರಾಡಿಸಿ ನೋಡಿದಾಗ, ಉಸಿರಾಟದ ವೇಗವು ಬದಲಾದರೂ ಆಕಳಿಕೆಗಳ ಸಂಖ್ಯೆಯು ಬದಲಾಗಲಿಲ್ಲ. ವ್ಯಾಯಾಮದಿಂದಲೂ ವ್ಯತ್ಯಾಸವಾಗಲಿಲ್ಲ. ಅಲ್ಟ್ರಾಸೌಂಡ್ ಯಂತ್ರದಿಂದ ನೋಡಿದಾಗ, ಶ್ವಾಸಕೋಶದಲ್ಲಿ ಗಾಳಿಯೇ ಇಲ್ಲದ ಗರ್ಭಸ್ಥಶಿಶುವೂ ಮೂರನೆಯ ತಿಂಗಳ ವೇಳೆಗೆ ಬಾಯ್ದೆರೆದು ಆಕಳಿಸುವುದು ಕಂಡುಬಂದಿತು. ಹೀಗೆ ದೇವದತ್ತವಾಯುವಿನ ಸ್ಥಾನಕ್ಕೆ ಬಂದಿದ್ದ ಆಮ್ಲಜನಕವೂ ಆ ಸ್ಥಾನವನ್ನು ಬಿಟ್ಟಿತು.

ಇದಕ್ಕೆ ಒಂದು ವರ್ಷ ಮುಂಚೆ, ೧೯೮೬ ರಲ್ಲಿ, ಪ್ರೊವೈನನು ಹರಡುವಿಕೆಯನ್ನು ಅಳೆದಿದ್ದನು. ಐದು ನಿಮಿಷಗಳ ಕಾಲ ಆಕಳಿಸುವ ಮುಖದ ಚಿತ್ರಗಳನ್ನು ನೋಡಿದವರಲ್ಲಿ ಶೇಕಡ ೫೫ ಮಂದಿ ಆಕಳಿಸಿದರು. ನಗುಮುಖವನ್ನು ನೋಡಿದವರಲ್ಲಿ ಶೇಕಡ ೨೧ ಮಂದಿ ಮಾತ್ರ. ಆಕಳಿಕೆಯ ವಿಷಯವನ್ನು ಓದುವುದೂ ನೆನೆಯುವುದೂ ಆಕಳಿಕೆಯನ್ನು ತರುವುದೆಂದು ಆತನು ತೋರಿಸಿದನು. ವಾಚಕರಿಗೆ ಈ ಪುಟಗಳಲ್ಲಿಯೇ ಅದರ ಪ್ರಮಾಣವು ಸಿಕ್ಕಿರಬಹುದು. ಮಕ್ಕಳಿಗೆ ನಾಲ್ಕು ವರ್ಷದ ವೇಳೆಗೆ ಈ ಹತ್ತುವಿಕೆಯು ಸ್ಪಷ್ಟವಾಗುವುದು; ಎಳೆಗೂಸುಗಳು ತಾವಾಗಿ ಆಕಳಿಸುತ್ತವೆಯೇ ಹೊರತು ಇತರರನ್ನು ನೋಡಿ ಆಕಳಿಸುವುದಿಲ್ಲ. ದೃಷ್ಟಿ ತೆಗೆಯುವಾಗ ಆಕಳಿಕೆಯು ಕೂಸಿನಿಂದ ಹಿರಿಯಳಿಗೆ ಹೋಗುವುದೇ ಹೊರತು ಹಿರಿಯಳಿಂದ ಕೂಸಿಗೆ ಬಾರದಿರುವುದಕ್ಕೆ ಇದರಿಂದ ಸಮಾಧಾನ ದೊರೆಯುವುದು. ೨೦೦೮ ರ ಒಂದು ಪ್ರಯೋಗದಲ್ಲಿ ೨೯ ನಾಯಿಗಳ ಪೈಕಿ ೨೧ ನಾಯಿಗಳು ಮನುಷ್ಯನ ಆಕಳಿಕೆಯನ್ನು ನೋಡಿ ಆಕಳಿಸಿದವು.

೨೦೧೧ ರಲ್ಲಿ ಇಟಲಿಯ ನಾರ್ಷಿಯಾ ಮತ್ತು ಪಲಾಗಿ ಎಂಬ ವಿದ್ವಾಂಸರು ಇಟಲಿಯಲ್ಲಿಯೂ ಮಡಗಾಸ್ಕರಿನಲ್ಲಿಯೂ ನಿತ್ಯಜೀವನದ ಆಕಳಿಕೆಗಳನ್ನು ಗಮನಿಸಿ, ಅದು ಬಂಧುಗಳಲ್ಲಿ ಅತ್ಯಧಿಕವಾಗಿಯೂ, ಸ್ನೇಹಿತರಲ್ಲಿ ಅದಕ್ಕಿಂತ ಕಡಿಮೆಯಾಗಿಯೂ, ಅನಂತರ ಪರಿಚಿತರಲ್ಲಿಯೂ, ಅಪರಿಚಿತರಲ್ಲಿ ಎಲ್ಲಕ್ಕಿಂತ ಕಡಿಮೆಯಾಗಿಯೂ ಹರಡುವುದೆಂದು ಹೇಳಿದರು. ಅಣ್ಣನೆಂಬ ಗಾದೆಯ ಮಾತನ್ನು ಬಲ್ಲವರಿಗೆ ಇದು ರೋಮಾಂಚಕರವಾದ ಹೊಂದಿಕೆ. ಗಾದೆಯು ಬಂಧುತ್ವದ ರಹಸ್ಯವನ್ನು ಅರಿತಿತ್ತೆಂದು ಹೇಳಿಬಿಡುವ ಆಸೆಯು ಇಲ್ಲಿಯೇ ಹುಟ್ಟುವುದು. ಆದರೆ ಅಣ್ಣನು ಅಲ್ಲಿಗೆ ಬಂದುದು ಅಕ್ಷರಮೈತ್ರಿಯಿಂದ ಎಂಬುದನ್ನು ಮೇಲೆ ನೋಡಿಯಾಗಿದೆ. ಅಲ್ಲದೆ, ಅನುಕಂಪೆಯೇ ಈ ಹರಡುವಿಕೆಯ ಮೂಲವೆಂಬ ಮತಕ್ಕೆ ವಿಜ್ಞಾನದಲ್ಲಿಯೇ ಆಕ್ಷೇಪಗಳುಂಟು. ೨೦೧೪ ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದವರು ೩೨೮ ಮಂದಿಯನ್ನು ಪರೀಕ್ಷಿಸಿದಾಗ ಅನುಕಂಪೆಗೂ ಆಕಳಿಕೆಗೂ ದೃಢವಾದ ಸಂಬಂಧವು ಕಾಣಲಿಲ್ಲ. ವಯಸ್ಸು ಹೆಚ್ಚಿದಂತೆ ಹತ್ತುವಿಕೆಯು ಕಡಿಮೆಯಾಗುವುದೆಂಬುದು ಮಾತ್ರ ಕಂಡಿತು.

ಮೂಲಪ್ರಯೋಜನವನ್ನು ಕುರಿತು ಈಚಿನ ಒಂದು ಮತವು ಮಿದುಳಿನ ತಂಪನ್ನು ಹೇಳುತ್ತದೆ. ಆಂಡ್ರೂ ಗ್ಯಾಲಪ್ ಮೊದಲಾದವರು ಆಕಳಿಕೆಯು ಮಿದುಳಿನ ಶಾಖವನ್ನು ತಗ್ಗಿಸುವ ಸಾಧನವೆಂದು ವಾದಿಸುತ್ತಾರೆ. ೨೦೧೧ ರಲ್ಲಿ ಪ್ರಕಟವಾದ ಅರಿಜೋನದ ಒಂದು ಪರಿಶೀಲನೆಯಲ್ಲಿ, ಸುಮಾರು ೨೨ ಡಿಗ್ರಿ ಸೆಲ್ಸಿಯಸಿನ ಚಳಿಗಾಲದಲ್ಲಿ ದಾರಿಹೋಕರಲ್ಲಿ ಶೇಕಡ ೪೫ ಮಂದಿಗೂ, ೩೭ ಡಿಗ್ರಿಯ ಬೇಸಿಗೆಯಲ್ಲಿ ಶೇಕಡ ೨೪ ಮಂದಿಗೂ ಆಕಳಿಕೆ ಹತ್ತಿತು. ಹೊರಗಿನ ಗಾಳಿಯು ಮೈಯಷ್ಟೇ ಬಿಸಿಯಾಗಿದ್ದರೆ ಅದನ್ನು ಕುಡಿದು ತಂಪಾಗುವುದು ಅಶಕ್ಯವೆಂಬುದು ಅವರ ಯುಕ್ತಿ. ಈ ಮತಕ್ಕೂ ವಿರೋಧಿಗಳಿದ್ದಾರೆ. ಜ್ವರಕ್ಕೆ ಮುಂಚಿನ ಆಕಳಿಕೆಯನ್ನು ಹೇಳಿದ ಚರಕನು ಇದನ್ನು ಅರಿತಿದ್ದನೆಂದು ಯಾರಾದರೂ ಬರೆದರೆ ಅದು ಚರಕನಿಗೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ನಾಳೆ ಈ ಮತವು ಬಿದ್ದರೆ ಅದರೊಡನೆ ಚರಕನನ್ನೂ ಬೀಳಿಸಿದಂತಾಗುವುದು.

೮

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ ರಲ್ಲಿ ಹುಟ್ಟಿ, ಭೌತವಿಜ್ಞಾನದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾಕ್ಟರ್ ಎಚ್. ನರಸಿಂಹಯ್ಯನವರ ಹೆಸರು ಈ ಸಂದರ್ಭದಲ್ಲಿ ಸ್ಮರಣೀಯ. ೧೯೬೨ ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಅವರಿಂದ ಆರಂಭವಾಯಿತು. ೧೯೭೬ ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಒಳಪಡಬಲ್ಲ ಮೂಢನಂಬಿಕೆಗಳನ್ನೂ ಶೋಧಿಸುವ ಸಮಿತಿಯನ್ನು ಅವರು ವಿಶ್ವವಿದ್ಯಾನಿಲಯದಲ್ಲಿ ರಚಿಸಿದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ೨೦೦೫ ರಲ್ಲಿ ತೀರಿಕೊಳ್ಳುವವರೆಗೂ ಅವರ ಬೋಧೆಯಾಗಿತ್ತು. ಆ ಸಮಿತಿಯ ಹೆಸರಿನಲ್ಲಿಯೇ ಇರುವ ಒಂದು ವಿಶೇಷಣವು ಜಾನಪದದ ವಿದ್ಯಾರ್ಥಿಗೂ ದಾರಿದೀಪವಾಗಬಲ್ಲದು. ಪರೀಕ್ಷೆಗೆ ಒಳಪಡಬಲ್ಲದ್ದು ಯಾವುದು, ಒಳಪಡಲಾರದ್ದು ಯಾವುದು ಎಂಬ ವಿಂಗಡಣೆಯೇ ಮೊದಲನೆಯ ಹೆಜ್ಜೆ. ಆಕಳಿಕೆಯು ಹತ್ತುವುದೆಂಬುದು ಪರೀಕ್ಷೆಗೆ ಒಳಪಡಬಲ್ಲದು. ಅದು ಪರೀಕ್ಷೆಯಲ್ಲಿ ಗೆದ್ದಿದೆ. ನಿವಾಳಿಸುವವಳ ಆಕಳಿಕೆಯು ದೃಷ್ಟಿಗೆ ಪ್ರಮಾಣವೆಂಬುದೂ ಪರೀಕ್ಷಿಸಬಹುದಾದ ಮಾತೇ. ಆಕಳಿಕೆಯು ದೃಷ್ಟಿಯಿಲ್ಲದೆಯೂ ಹತ್ತುವುದರಿಂದ ಅದು ಪ್ರಮಾಣವಾಗಲಾರದು. ವೃತ್ರನ ಕಥೆಯು ಪರೀಕ್ಷೆಯ ವಸ್ತುವೇ ಅಲ್ಲ. ಅದನ್ನು ಕಾವ್ಯವಾಗಿ ಓದತಕ್ಕದ್ದು.

ಹೀಗೆ ವಿಂಗಡಿಸಿದರೆ ಗಾದೆಯ ಬೆಲೆಯು ಕುಗ್ಗುವುದಿಲ್ಲ, ಅದರ ಸ್ವರೂಪವು ತಿಳಿಯುವುದು. ಅದು ಕಾರಣವನ್ನು ಹೇಳಲು ಹೋಗಲಿಲ್ಲ. ಆದ್ದರಿಂದ ಅದು ಸುಳ್ಳಾಗಲಿಲ್ಲ. ಶತಮಾನಗಳ ಕಾಲ ಜಗಲಿಯ ಮೇಲೆ ಕುಳಿತವರು ಎದುರಿಗಿದ್ದವರ ಮುಖಗಳನ್ನು ನೋಡಿ ಕಂಡುಕೊಂಡ ಒಂದು ಭೇದವನ್ನು ನಾಲ್ಕೈದು ಶಬ್ದಗಳಲ್ಲಿ ಕಾಪಾಡಿತು. ಜನಪದದ ಜ್ಞಾನವೆಂದು ಕರೆಯಬಹುದಾದದ್ದು ಇಂತಹ ಅವಲೋಕನಗಳ ಸಂಗ್ರಹ.

ಆದಕಾರಣ ಗಾದೆಗಳನ್ನು ಕೂಡಿಸುವವರು ಎರಡು ವಿಷಯಗಳಿಗೆ ಗಮನಕೊಡುವುದು ಒಳ್ಳೆಯದು. ಗಾದೆಯ ಮಾತಿನೊಡನೆ ಅದನ್ನು ಯಾರು, ಯಾವಾಗ, ಯಾವ ಹಸ್ತಚಲನೆಯೊಡನೆ ನುಡಿದರೆಂಬುದನ್ನೂ ಬರೆದಿಡಬೇಕು. ಚಿಟಿಕೆಯಿಲ್ಲದೆ ಆಕಳಿಕೆಯ ಮಾತು ಅರ್ಧವೇ. ಎರಡನೆಯದಾಗಿ, ಗಡಿಸೀಮೆಯ ಸಂಗ್ರಹವನ್ನು ಒಂದು ಭಾಷೆಗೆ ಮಾತ್ರ ಮೀಸಲಿಡಬಾರದು. ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟಗಳಂತಹ ಎಡೆಗಳಲ್ಲಿ ಕನ್ನಡದ ಸಂಗ್ರಹಕಾರನು ತೆಲುಗಿನದೆಂದು ಬಿಟ್ಟದ್ದನ್ನು ತೆಲುಗಿನ ಸಂಗ್ರಹಕಾರನು ಆಚೆಯ ನಾಡಿನದೆಂದು ಬಿಟ್ಟರೆ, ಎರಡು ಭಾಷೆಗಳಲ್ಲಿ ಬಾಳಿದ ಮಾತು ಎರಡು ಪುಸ್ತಕಗಳಲ್ಲಿಯೂ ಇಲ್ಲವಾದೀತು. ನುಡಿಯುವವರು ಕಡಿಮೆಯಾಗುತ್ತಿರುವಾಗ ಈ ಕೆಲಸವು ಮುಂದಿನ ತಲೆಮಾರಿಗೆ ಕಾಯುವಂತಹುದಲ್ಲ.